ಪಾರ್ಕಿನ ಪ್ರೇರಿ ಡಾಗ್‌ಗಳನ್ನು ಹಿಡಿದು ಬೇರೆ ಕಡೆ ಬಿಡಬಹುದೇ?

ಪ್ರಶ್ನೆ: ನಾವು ಅಮೆರಿಕದ ಕೊಲೊರಾಡೊದಲ್ಲಿ, ಫೋರ್ಟ್ ಕಾಲಿನ್ಸ್ ಹತ್ತಿರ ಇದ್ದೇವೆ. ಮನೆ ಪಕ್ಕದ ಪಾರ್ಕಿನಲ್ಲಿ ಪ್ರೇರಿ ಡಾಗ್ ಅನ್ನುವ, ಬಿಲ ತೋಡಿ ಬದುಕುವ ಪುಟ್ಟ ಪ್ರಾಣಿಗಳ ದೊಡ್ಡ ಗುಂಪಿದೆ. ಎರಡು ವರ್ಷದಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನದವರೆಗೂ ಬಿಲ ತೋಡಿವೆ. ಮೊನ್ನೆ ಒಂದು ಮಗುವಿನ ಕಾಲು ಬಿಲಕ್ಕೆ ಸಿಕ್ಕಿ ಉಳುಕಿತು. ಬಡಾವಣೆ ಸಭೆಯಲ್ಲಿ ಅರ್ಧ ಜನ ವಿಷ ಹಾಕಿಸಿ ಅನ್ನುತ್ತಾರೆ. ಊರಲ್ಲಿ ಕೋತಿ ಹಿಡಿದು ಕಾಡಿಗೆ ಬಿಡುವ ಹಾಗೆ ಇವನ್ನೂ ಬೋನಿಟ್ಟು ಹಿಡಿದು ಬೆಟ್ಟದ ಕಡೆ ಬಿಡೋಕೆ ಆಗಲ್ವಾ? ಇವುಗಳಿಂದ ಪ್ಲೇಗು ಬರುತ್ತದೆ ಅನ್ನುವುದು ನಿಜವೇ? ನನ್ನ ಮಗಳು ದಿನಾ ಅವಕ್ಕೆ ಕ್ಯಾರೆಟ್ ಹಾಕುತ್ತಾಳೆ. ಅದು ತಪ್ಪೇ?

ಉತ್ತರ: ನೀವು ಏಪ್ರಿಲ್‌ನಲ್ಲಿ ಪತ್ರ ಬರೆದಿದ್ದೀರಿ. ಹಾಗಾಗಿ ಮೊದಲು ಹೇಳಬೇಕಾದ್ದು ಇದು: ಈಗ ಯಾರೂ ಬೋನು ಇಡಬಾರದು. ಈ ಹೊತ್ತಿನಲ್ಲಿ ಬಿಲದೊಳಗೆ ಕಣ್ಣು ಬಿಡದ ಮರಿಗಳಿರುತ್ತವೆ. ತಾಯಿಯನ್ನು ಹಿಡಿದು ಒಯ್ದರೆ ಮರಿಗಳು ಕತ್ತಲಲ್ಲೇ ಹಸಿದು ಸಾಯುತ್ತವೆ. ಮೇಲಿರುವ ನಮಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಹಿಡಿದು ಬೇರೆ ಕಡೆ ಬಿಡಬಹುದು, ಅದಕ್ಕೆ ದಾರಿ ಇದೆ. ಆದರೆ ನೀವಾಗಿ ಮಾಡುವ ಹಾಗಿಲ್ಲ. ಬೆಟ್ಟಕ್ಕಂತೂ ಬಿಡುವ ಹಾಗೇ ಇಲ್ಲ. ಜೊತೆಗೆ ಈ ಕೆಲಸದಲ್ಲಿ ಹಿಡಿಯುವುದು ಸಣ್ಣ ಭಾಗ. ಎಲ್ಲಿ ಬಿಡುತ್ತೀರಿ, ಯಾರ ಜೊತೆ ಬಿಡುತ್ತೀರಿ ಎನ್ನುವುದೇ ದೊಡ್ಡ ಭಾಗ. ಸಭೆಗಳಲ್ಲಿ ಎಲ್ಲರೂ ಬೋನಿನ ಬಗ್ಗೆ ಮಾತಾಡುತ್ತಾರೆ. ಜಾಗದ ಬಗ್ಗೆ ಕೇಳುವವರು ಕಮ್ಮಿ.

ಹೆಸರಲ್ಲಿ ಡಾಗ್ ಇದ್ದರೂ ಇದು ನಾಯಿ ಅಲ್ಲ. ನಮ್ಮ ಅಳಿಲಿನ ಬಳಗದ್ದು. ಅಪಾಯ ಕಂಡಾಗ ಬೊಗಳುವ ಹಾಗೆ ಕೂಗುತ್ತದೆ, ಅದಕ್ಕೇ ಆ ಹೆಸರು ಬಂತು. ಒಟ್ಟು ಐದು ಜಾತಿಗಳಿವೆ, ಕೊಲೊರಾಡೊದಲ್ಲಿ ಮೂರು. ನಿಮ್ಮ ಪಾರ್ಕಿನಲ್ಲಿರುವುದು ಕಪ್ಪು ಬಾಲದ್ದು. ಡೆನ್ವರ್‌ನಿಂದ ಫೋರ್ಟ್ ಕಾಲಿನ್ಸ್‌ವರೆಗೆ ಬೆಟ್ಟದ ಬುಡದ ಊರುಗಳಲ್ಲಿ ಕಾಣುವುದು ಇದೇ. ಒಂದು, ಒಂದೂವರೆ ಕಿಲೊ ತೂಗುತ್ತದೆ. ಉಳಿದ ಎರಡು ಜಾತಿಗಳು ಚಳಿಗಾಲವೆಲ್ಲ ಬಿಲದಲ್ಲಿ ಮಲಗುತ್ತವೆ. ಇದು ಹಾಗೆ ಮಲಗುವುದಿಲ್ಲ. ಹಿಮದ ದಿನಗಳಲ್ಲೂ ಬಿಸಿಲು ಬಿದ್ದರೆ ಹೊರಗೆ ಬಂದು ನಿಲ್ಲುತ್ತದೆ.

ದೂರದಿಂದ ನೋಡಿದರೆ ಒಂದೇ ದೊಡ್ಡ ಗುಂಪು ಅನ್ನಿಸುತ್ತದೆ. ಹತ್ತಿರ ಕೂತು ಗಮನಿಸಿದರೆ ಅದು ಒಂದು ಊರು, ಊರಿನೊಳಗೆ ಬೇರೆ ಬೇರೆ ಮನೆಗಳು. ಒಂದು ಮನೆ ಅಂದರೆ ಒಂದು ಗಂಡು, ಎರಡು ಮೂರು ಹೆಣ್ಣು, ಅವುಗಳ ಮರಿಗಳು. ಒಂದೇ ಮನೆಯವರು ಎದುರಾದರೆ ಬಾಯಿಗೆ ಬಾಯಿ ತಾಗಿಸಿ ಗುರುತು ಹಿಡಿಯುತ್ತವೆ. ಪಕ್ಕದ ಮನೆಯದು ಗಡಿ ದಾಟಿದರೆ ಅಟ್ಟಿಸಿಕೊಂಡು ಹೋಗುತ್ತವೆ. ಹೆಣ್ಣುಗಳು ಸಾಮಾನ್ಯವಾಗಿ ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ. ಬೆಳೆದ ಗಂಡುಗಳು ಬೇರೆ ಕಡೆ ಹೋಗುತ್ತವೆ. ಸ್ಥಳಾಂತರ ಗೆಲ್ಲುವುದೂ ಸೋಲುವುದೂ ಈ ಮನೆಗಳ ಲೆಕ್ಕದ ಮೇಲೆಯೇ.

ಇದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ವರ್ಷಗಳ ಹಿಂದೆ ಒಂದು ಕಟ್ಟಡದ ಜಾಗದಿಂದ ಪ್ರೇರಿ ಡಾಗ್‌ಗಳನ್ನು ಸಾಗಿಸುವ ತಂಡದಲ್ಲಿದ್ದೆ. ಬುಲ್ಡೋಜರ್ ಬರುವ ದಿನ ನಿಗದಿಯಾಗಿತ್ತು, ಆತುರ ಇತ್ತು. ಸಿಕ್ಕಿದ್ದನ್ನು ಸಿಕ್ಕ ಹಾಗೆ ಹಿಡಿದೆವು. ಯಾವ ಬಿಲದ್ದು ಯಾವುದು ಅಂತ ಚೀಟಿ ಬರೆಯಲಿಲ್ಲ. ಹೊಸ ಜಾಗದಲ್ಲಿ ಎಲ್ಲವನ್ನೂ ಬೆರೆಸಿ ಬಿಟ್ಟೆವು. ಮರುದಿನ ಬೆಳಗ್ಗೆ ಹೋದರೆ ಹುಲ್ಲಿನಲ್ಲಿ ಒಂದೊಂದು ಒಂದೊಂದು ದಿಕ್ಕಿಗೆ ಓಡಾಡುತ್ತಿದ್ದವು. ವಾರದೊಳಗೆ ಜಾಗ ಖಾಲಿ. ಕೆಲವನ್ನು ಗಿಡುಗ ಒಯ್ದಿತ್ತು, ಕೆಲವನ್ನು ಕಯೋಟಿ, ಅಂದರೆ ಇಲ್ಲಿನ ನರಿಯಂಥ ಕಾಡುಪ್ರಾಣಿ, ತಿಂದಿತ್ತು. ಉಳಿದವು ಏನಾದವೋ. ಕೊಂದಿಲ್ಲ ಎಂಬ ಸಮಾಧಾನ ನಮಗಿತ್ತು. ಆದರೆ ಅವುಗಳ ಪಾಲಿಗೆ ಏನೂ ಬದಲಾಗಲಿಲ್ಲ.

ಈ ಅನುಭವಕ್ಕೆ ಅಂಕಿಯ ಆಧಾರವೂ ಇದೆ. ನ್ಯೂ ಮೆಕ್ಸಿಕೊದಲ್ಲಿ ಕಪ್ಪು ಬಾಲದ ಪ್ರೇರಿ ಡಾಗ್‌ಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮನೆಮಂದಿಯನ್ನೆಲ್ಲ ಒಟ್ಟಿಗೆ ಸಾಗಿಸಿದಾಗ ಅವು ಬದುಕಿ ಉಳಿಯುವ ಸಾಧ್ಯತೆ, ಬೆರಕೆ ಮಾಡಿ ಸಾಗಿಸಿದಾಗಿನ ಐದು ಪಟ್ಟು ಇತ್ತು. ಕಾರಣ ಸರಳ. ಒಂದು ಮೇಯುವಾಗ ಇನ್ನೊಂದು ಕಾವಲು ನಿಲ್ಲಬೇಕು. ಗುರುತಿಲ್ಲದವರ ನಡುವೆ ಬಿದ್ದ ಪ್ರಾಣಿ ಜಗಳದಲ್ಲಿ, ಗಾಬರಿಯಲ್ಲಿ, ಹುಡುಕಾಟದಲ್ಲಿ ಹೊತ್ತು ಕಳೆಯುತ್ತದೆ. ಮೇಲೆ ಗಿಡುಗ ಸುತ್ತುತ್ತಿರುತ್ತದೆ.

ಬೆಟ್ಟ ಯಾಕೆ ಬೇಡ ಅಂದರೆ, ಇದು ಬಯಲಿನ ಜೀವ. ನಾಲ್ಕೂ ದಿಕ್ಕು ಕಣ್ಣಿಗೆ ಕಾಣಬೇಕು. ಅದಕ್ಕೇ ಎತ್ತರದ ಗಿಡಗಳನ್ನು ತಿನ್ನದಿದ್ದರೂ ಕಡಿದು ಬೀಳಿಸುತ್ತದೆ. ಪೈನ್ ಮರ, ಪೊದೆ, ಬಂಡೆ ಇರುವ ಕಡೆ ಬಿಟ್ಟರೆ ಕಣ್ಣು ಕಟ್ಟಿ ಬಿಟ್ಟ ಹಾಗೆ.

ಕಾನೂನನ್ನೂ ಹೇಳಿಬಿಡುತ್ತೇನೆ. ಕೊಲೊರಾಡೊದಲ್ಲಿ ಈ ಪ್ರಾಣಿಗೆ ಎರಡು ಗುರುತು. ವನ್ಯಜೀವಿ ಇಲಾಖೆ ಇದನ್ನು ಸಣ್ಣ ಬೇಟೆ ಪ್ರಾಣಿ ಅನ್ನುತ್ತದೆ, ಕೃಷಿ ಕಾನೂನು ಉಪದ್ರವಿ ಅನ್ನುತ್ತದೆ. ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆ ಬಿಡಲು ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್‌ನಿಂದ ಪರವಾನಗಿ ಬೇಕೇ ಬೇಕು. ಇನ್ನೊಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಇನ್ನೊಂದು ಆಡಳಿತ ಪ್ರದೇಶಕ್ಕೆ, ಒಯ್ಯುವುದಾದರೆ, 1999ರ ರಾಜ್ಯ ಕಾನೂನಿನ ಪ್ರಕಾರ ಆ ಕೌಂಟಿಯ ಕಮಿಷನರ್‌ಗಳು ಒಪ್ಪಬೇಕು. ಅವರು ಒಪ್ಪುವುದು ಕಷ್ಟ, ಯಾಕೆಂದರೆ ಅಲ್ಲಿ ದನ ಸಾಕುವವರು ಇದ್ದಾರೆ. ತಮ್ಮ ಹುಲ್ಲು ಬೇರೆಯವರ ಪಾರ್ಕಿನ ಪ್ರಾಣಿಗೆ ಯಾಕೆ ಹೋಗಬೇಕು ಎಂದು ಅವರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ನಿಮಗೆ ಜಾಗ ಸಿಗುವುದಾದರೆ ಹೆಚ್ಚಾಗಿ ನಿಮ್ಮ ಕೌಂಟಿಯೊಳಗೇ, ನಗರದ ಸ್ವಂತ ಬಯಲಿನಲ್ಲೇ ಸಿಗಬೇಕು.

ಜಾಗ ಸಿಕ್ಕಿತು ಅಂದುಕೊಳ್ಳಿ. ಆಮೇಲೆ ನಡೆಯುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಭೆಯಲ್ಲಿ ಯಾರಾದರೂ ಎರಡು ದಿನದಲ್ಲಿ ಮುಗಿಸುತ್ತೇವೆ ಅಂದರೆ ನೀವು ಪ್ರಶ್ನೆ ಕೇಳಲು ಬೇಕಾಗುತ್ತದೆ.

ಒಳ್ಳೆಯ ತಾಣ ಅಂದರೆ ಹಿಂದೆ ಪ್ರೇರಿ ಡಾಗ್ ಇದ್ದು, ಈಗ ಖಾಲಿಯಾದ ಬಯಲು. ಅಲ್ಲಿ ಹಳೆಯ ಬಿಲಗಳು ಇರುತ್ತವೆ. ಬಿಲ ಇಲ್ಲದಿದ್ದರೆ ನಾವೇ ಮಾಡಬೇಕು. ನೆಲವನ್ನು ಸುಮಾರು ಒಂದು ಮೀಟರ್ ಅಗೆದು ಒಂದು ಪೆಟ್ಟಿಗೆ ಹೂಳುತ್ತೇವೆ, ಅದು ಮಲಗುವ ಕೋಣೆ. ಅದರಿಂದ ಮೇಲಕ್ಕೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು, ಕಾಲಿಗೆ ಹಿಡಿತ ಸಿಗಲಿ ಅಂತ. ಸುತ್ತಲಿನ ಹುಲ್ಲನ್ನು ಮೊದಲೇ ಗಿಡ್ಡ ಮಾಡಿರಬೇಕು.

ಇತ್ತ ಪಾರ್ಕಿನಲ್ಲಿ ಬೋನುಗಳನ್ನು ಬಾಯಿ ತೆರೆದು ಕಟ್ಟಿ, ಒಳಗೆ ಬೆಲ್ಲದ ಪಾಕದಂಥ ಮೊಲಾಸಿಸ್ ಕಲಸಿದ ಓಟ್ಸ್ ಹಾಕಿ ಕೆಲವು ದಿನ ಸುಮ್ನೆ ಬಿಡುತ್ತೇವೆ. ಒಳಗೆ ಹೋಗಿ ತಿಂದು ಬರುವುದು ಅವಕ್ಕೆ ಅಭ್ಯಾಸವಾಗಬೇಕು. ಅಷ್ಟರಲ್ಲಿ ಯಾರು ಯಾರ ಮನೆಯವರು ಅಂತ ನಕ್ಷೆ ಬರೆಯುತ್ತೇವೆ. ಆಮೇಲೆ ಒಂದು ಬೆಳಗ್ಗೆ ಬೋನು ಹೂಡುತ್ತೇವೆ. ಬೋನು ಹೂಡಿದವರು ಅಲ್ಲೇ ಇರಬೇಕು. ಬಿಸಿಲೇರಿದ ಮೇಲೆ ತಂತಿ ಬೋನಿನಲ್ಲಿ ಉಳಿದ ಪ್ರಾಣಿ ಬಹಳ ಬೇಗ ಸಾಯುತ್ತದೆ. ಹಿಡಿದ ಪ್ರತಿಯೊಂದಕ್ಕೂ ಚಿಗಟ ಸಾಯುವ ಪುಡಿ ಹಾಕಿ, ಮನೆ ಗುರುತು ಬರೆದು, ನೆರಳಿಗೆ ಒಯ್ಯಬೇಕು.

ಬೋನಿಗೆ ಬಾರದವುಗಳಿಗೆ ಇನ್ನೊಂದು ದಾರಿ ಇದೆ. ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ನೀರಿನ ಜೊತೆ ಬಿಲಕ್ಕೆ ಬಿಡುತ್ತಾರೆ. ಪ್ರಾಣಿ ಮೇಲೆ ಬರುತ್ತದೆ, ಕೈಯಲ್ಲಿ ಹಿಡಿದು, ಕಣ್ಣು ಮೂಗು ಒರೆಸಿ, ಒಣಗಿಸುತ್ತಾರೆ. ಇದು ಹಳೆಯ ಉಪಾಯ. 1804ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಪಶ್ಚಿಮ ಭಾಗವನ್ನು ಹುಡುಕಿ ನೋಡಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಮಿಸೌರಿ ನದಿಯ ದಂಡೆಯಲ್ಲಿ ಮೊದಲ ಸಲ ಈ ಪ್ರಾಣಿಯನ್ನು ಜೀವಂತ ಹಿಡಿದದ್ದು ಬಿಲಕ್ಕೆ ನೀರು ಸುರಿದೇ. ಒಂದು ಬಿಲಕ್ಕೆ ಐದು ಬ್ಯಾರೆಲ್ ಸುರಿದರೂ ಅದು ತುಂಬಲಿಲ್ಲ ಎಂದು ಬರೆದಿಟ್ಟಿದ್ದಾರೆ. ನೆಲದಡಿ ಎಷ್ಟು ಕೆಲಸ ಮಾಡಿರುತ್ತವೆ ನೋಡಿ! ಮರುವರ್ಷ ಜೀವಂತ ಪ್ರೇರಿ ಡಾಗ್ ಒಂದನ್ನು ಅಧ್ಯಕ್ಷ ಜೆಫರ್ಸನ್‌ಗೆ ಕಳಿಸಿಯೂ ಕೊಟ್ಟರು. ನೊರೆಯ ಕೆಲಸವನ್ನು ಪಳಗಿದವರೇ ಮಾಡಬೇಕು. ಮರಿಗಳಿರುವಾಗ ಮಾಡಲೇಬಾರದು.

ಹೊಸ ಜಾಗದಲ್ಲಿ ಒಂದು ಮನೆಯವರನ್ನೆಲ್ಲ ಒಂದೇ ಬಿಲಕ್ಕೆ ಇಳಿಸುತ್ತೇವೆ. ಬಿಲದ ಬಾಯಿಯ ಮೇಲೆ ತಳವಿಲ್ಲದ ಜಾಲರಿ ಪಂಜರ ಕೂರಿಸಿ, ಕೆಲವು ದಿನ ಮೇವು ಹಾಕುತ್ತೇವೆ. ಹೊರಗೆ ಬಂದು ಸುತ್ತ ನೋಡಬಹುದು, ಓಡಿಹೋಗಲು ಆಗುವುದಿಲ್ಲ. ಪಕ್ಕದ ಬಿಲಕ್ಕೆ ಅದೇ ಪಕ್ಕದ ಮನೆಯವರು. ಹಳೇ ಊರಿನ ಬೀದಿಯನ್ನೇ ಹೊಸ ಕಡೆ ಹಾಗ್ಹಾಗೇ ಇಟ್ಟ ಹಾಗೆ. ಪಂಜರ ತೆಗೆದ ಮೇಲೂ ವಾರಗಟ್ಟಲೆ ಹೋಗಿ ನೋಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಎಲ್ಲವೂ ಉಳಿಯುವುದಿಲ್ಲ. ಇದನ್ನು ಮುಚ್ಚಿಡಬಾರದು.

ಈ ಕೆಲಸಕ್ಕೆ ಕಾಲ ಅಂದರೆ ಜೂನ್ ನಡುವಿನಿಂದ ಶರತ್ಕಾಲದವರೆಗೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಕೂಡುತ್ತವೆ. ಸುಮಾರು 35 ದಿನಕ್ಕೆ ಮರಿ. ಆಮೇಲೆ ಆರು ವಾರ ಮರಿಗಳು ಬಿಲದಲ್ಲೇ. ಮೇ ತಿಂಗಳಲ್ಲಿ ಮೊದಲ ಸಲ ಮೇಲೆ ಬಂದು ಬಿಸಿಲು ನೋಡುತ್ತವೆ. ವರ್ಷಕ್ಕೆ ಒಂದೇ ಸೂಲು. ಇಲಿ ಹೆಗ್ಗಣದ ಹಾಗೆ ತಿಂಗಳು ತಿಂಗಳು ಮರಿ ಹಾಕುತ್ತವೆ ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು.

ಪ್ಲೇಗಿನ ಬಗ್ಗೆ ಕೇಳಿದ್ದೀರಿ. ಹೌದು, ನಿಜ. ಆದರೆ ಕಥೆಯನ್ನು ಪೂರ್ತಿ ತಿಳಿಯಿರಿ. ಈ ರೋಗ ಪ್ರೇರಿ ಡಾಗ್‌ಗಳದ್ದಲ್ಲ, ಅವಕ್ಕೆ ನಾವು ತಂದುಕೊಟ್ಟದ್ದು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹರಡಿ, ಹಡಗಿನ ಇಲಿಗಳ ಜೊತೆ 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂದ ಅದೇ ಪ್ಲೇಗು 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೂ ಇಳಿಯಿತು. ನಮ್ಮ ಕಡೆ ಅದರಿಂದ ಪ್ಲೇಗಮ್ಮನ ಗುಡಿಗಳಾದವು, ಬಸವನಗುಡಿ ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಮೆರಿಕದಲ್ಲಿ ಅದು ಇಲಿಯಿಂದ ಕಾಡಿನ ಅಳಿಲುಗಳಿಗೆ ಹತ್ತಿ, ಬಯಲಿಗೆ ಸೇರಿತು. ಅಲ್ಲಿನ ಪ್ರೇರಿ ಡಾಗ್‌ಗಳಿಗೆ ಅದನ್ನು ತಡೆಯುವ ಶಕ್ತಿಯೇ ಇರಲಿಲ್ಲ. ಈಗಲೂ ಒಂದು ಗುಂಪಿಗೆ ಬಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯುತ್ತವೆ. ಇಲಿ ಬಿದ್ದರೆ ಮನೆ ಬಿಡಿ ಅಂತ ನಮ್ಮ ಅಜ್ಜಿಯರ ಕಾಲದಲ್ಲಿ ಹೇಳುತ್ತಿದ್ದರಲ್ಲ, ಇಲ್ಲಿಯೂ ಗುರುತು ಅದೇ: ನಿನ್ನೆಯವರೆಗೆ ಗದ್ದಲ ಇದ್ದ ಬಯಲು ಇದ್ದಕ್ಕಿದ್ದ ಹಾಗೆ ಮೌನವಾದರೆ ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ.

ಮನುಷ್ಯರಿಗೆ ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ ಏಳು ಜನಕ್ಕೆ ಪ್ಲೇಗು ಬರುತ್ತದೆ. ಬೇಗ ಗೊತ್ತಾದರೆ ಆ್ಯಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಹರಡುವುದು ಹೆಚ್ಚಾಗಿ ಚಿಗಟದಿಂದ. ಹಾಗಾಗಿ ಸತ್ತ ಪ್ರಾಣಿ ಮುಟ್ಟಬೇಡಿ, ನಾಯಿಯನ್ನು ಬಿಲದ ಹತ್ತಿರ ಬಿಡಬೇಡಿ, ನಾಯಿ ಬೆಕ್ಕಿಗೆ ಚಿಗಟದ ಔಷಧಿ ತಪ್ಪಿಸಬೇಡಿ. ಬೆಕ್ಕುಗಳಿಗೆ ಈ ರೋಗ ಬೇಗ ತಗಲುತ್ತದೆ, ಅವನ್ನು ಮನೆಯೊಳಗೇ ಇಟ್ಟುಕೊಳ್ಳಿ. ಪಾರ್ಕಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜೋರು ಜ್ವರ, ಕಂಕುಳು ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಪ್ರೇರಿ ಡಾಗ್ ಇರುವ ಜಾಗದಲ್ಲಿ ಓಡಾಡಿದ್ದನ್ನು ನೀವಾಗಿಯೇ ಹೇಳಿ. 2019ರ ಬೇಸಿಗೆಯಲ್ಲಿ ಡೆನ್ವರ್ ಪಕ್ಕದ ಕಾಮರ್ಸ್ ಸಿಟಿಯಲ್ಲಿ ಪ್ರೇರಿ ಡಾಗ್‌ಗಳಿಗೆ ಪ್ಲೇಗು ಬಂದಾಗ ರಾಕಿ ಮೌಂಟನ್ ಆರ್ಸೆನಲ್ ವನ್ಯಜೀವಿ ತಾಣದ ಹಾದಿಗಳನ್ನು ಮುಚ್ಚಿದರು, ಬಿಲಗಳಿಗೆ ಚಿಗಟ ಕೊಲ್ಲುವ ಪುಡಿ ಊದಿದರು. ನಿಮ್ಮ ನಗರಕ್ಕೂ ಅದನ್ನೇ ಕೇಳಬಹುದು. ಡೆಲ್ಟಾಮೆಥ್ರಿನ್ ಪುಡಿಯನ್ನು ಬಿಲಕ್ಕೆ ಊದಿದರೆ ಪ್ರಾಣಿಯೂ ಉಳಿಯುತ್ತದೆ, ಜನರಿಗೂ ಅಪಾಯ ತಗ್ಗುತ್ತದೆ.

ವಿಷದ ವಿಷಯ. ಇಲ್ಲಿ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ನಮ್ಮೂರಲ್ಲಿ ಗೋದಾಮಿನ ಕಾಳಿಗೆ ಹಾಕುವ ಗುಳಿಗೆಯೂ ಅದೇ ವಸ್ತು. ಅದರ ಅಪಾಯ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ತೇವ ತಗಲಿದರೆ ಫಾಸ್ಫೀನ್ ಅನಿಲ ಬರುತ್ತದೆ, ಬಿಲದೊಳಗೆ ಉಸಿರಾಡುವ ಯಾವುದೂ ಬದುಕುವುದಿಲ್ಲ. 2010ರಲ್ಲಿ ಯೂಟಾದಲ್ಲಿ ಮನೆಯ ಹತ್ತಿರ ಇದನ್ನು ಹಾಕಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಹೋದರು. ಆಮೇಲೆ ನಿಯಮ ಬಿಗಿಯಾಯಿತು. ಮನೆ, ಶಾಲೆ, ಆಸ್ಪತ್ರೆ ಆವರಣಗಳಲ್ಲಿ ಹಾಕುವಂತಿಲ್ಲ. ಬೇರೆ ಕಡೆಯೂ ಜನ ಇರುವ ಕಟ್ಟಡದಿಂದ 100 ಅಡಿ ದೂರ ಇರಬೇಕು. ಹಾಕುವವರಿಗೆ ಲೈಸೆನ್ಸ್ ಬೇಕು. ಮಕ್ಕಳಾಡುವ ಪಾರ್ಕಿಗೆ ಇದು ತಕ್ಕ ಉಪಾಯ ಅಲ್ಲ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನೂ ಒಂದು. ಆ ಬಿಲಗಳಲ್ಲಿ ಪ್ರೇರಿ ಡಾಗ್ ಒಂದೇ ಇರುವುದಿಲ್ಲ. ಬಿಲಗೂಬೆ ಅಂತ ಒಂದು ಪುಟ್ಟ ಗೂಬೆ ಇದೆ, ಹಗಲಲ್ಲೇ ಬಿಲದ ಬಾಯಲ್ಲಿ ನಿಂತು ನೋಡುತ್ತದೆ. ವಸಂತದಲ್ಲಿ ವಲಸೆ ಬಂದು ಈ ಬಿಲಗಳಲ್ಲೇ ಮೊಟ್ಟೆ ಇಡುತ್ತದೆ. ಕೊಲೊರಾಡೊದಲ್ಲಿ ಅದು ಅಪಾಯದಲ್ಲಿರುವ ಹಕ್ಕಿ. ಅದಿರುವ ಬಿಲಕ್ಕೆ ಕೈ ಹಾಕುವುದು ಅಪರಾಧ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಯಾವ ಕೆಲಸಕ್ಕೂ ಮೊದಲು ಗೂಬೆ ಇದೆಯೇ ಎಂದು ಪರೀಕ್ಷೆ ಆಗಬೇಕು. ನಿಮ್ಮ ಪಾರ್ಕಿನಲ್ಲಿ ಆಗಿದೆಯೇ ಕೇಳಿ. ಹೆಚ್ಚುಕಡಿಮೆ ಬರೀ ಪ್ರೇರಿ ಡಾಗ್ ತಿಂದೇ ಬದುಕುವ ಕಪ್ಪುಕಾಲಿನ ಫೆರೆಟ್ ಎಂಬ, ಮುಂಗುಸಿಯ ಹಾಗೆ ಕಾಣುವ ಪ್ರಾಣಿ ಅಳಿದೇ ಹೋಯಿತು ಅಂದುಕೊಂಡಿದ್ದರು. 1981ರಲ್ಲಿ ವಯೋಮಿಂಗ್‌ನಲ್ಲಿ ಒಂದು ನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ತಂದ ಮೇಲೆ ಕೆಲವು ಉಳಿದಿರುವುದು ಗೊತ್ತಾಯಿತು. ಕೊನೆಯ 18ನ್ನು ಹಿಡಿದು ಸಾಕಿ ತಳಿ ಉಳಿಸಿದರು. ಅವುಗಳ ಸಾಕಣೆ ಕೇಂದ್ರ ಫೋರ್ಟ್ ಕಾಲಿನ್ಸ್‌ನ ಉತ್ತರಕ್ಕೇ ಇದೆ. ಜಾಗ ಸಿಗದ ಪ್ರೇರಿ ಡಾಗ್‌ಗಳನ್ನು ಕೆಲವು ನಗರಗಳು ಅಲ್ಲಿಗೆ ಆಹಾರವಾಗಿ ಕೊಡುತ್ತವೆ. ಕೇಳಲು ಕಷ್ಟವಾಗುತ್ತದೆ. ಆದರೆ ಬಿಲದಲ್ಲಿ ವಿಷಕ್ಕೆ ಸಾಯುವುದಕ್ಕಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ಬೋಲ್ಡರ್ ನಗರ 2005ರಲ್ಲಿ ವನ್ಯಜೀವಿ ರಕ್ಷಣೆಯ ಸ್ಥಳೀಯ ಕಾನೂನು ಮಾಡಿತು. ಅಲ್ಲಿ ಕೊಲ್ಲುವುದು ಕೊನೆಯ ದಾರಿ. ಮೊದಲು ಇದ್ದಲ್ಲೇ ತೊಂದರೆ ತಗ್ಗಿಸಬೇಕು, ಆಗದಿದ್ದರೆ ಸ್ಥಳಾಂತರಕ್ಕೆ ಪ್ರಯತ್ನ ಮಾಡಬೇಕು.

ನಿಮ್ಮ ಪಾರ್ಕಿಗೆ ನಾನು ಹೇಳುವುದೂ ಅದೇ ಕ್ರಮ. ಎಲ್ಲವನ್ನೂ ತೆಗೆದರೆ ಸಮಸ್ಯೆ ಮುಗಿಯುವುದಿಲ್ಲ. ಖಾಲಿ ಬಿಲ ಅಂದರೆ ಖಾಲಿ ಮನೆ. ಪಕ್ಕದ ಬಯಲಿನಿಂದ, ಕಾಲುವೆ ಅಂಚಿನಿಂದ ಹೊಸ ಗಂಡುಗಳು ಬಂದು ಸೇರುತ್ತವೆ. ಗಡಿ ಕಾಯದಿದ್ದರೆ ಈ ಖರ್ಚು ಮತ್ತೆ ಮತ್ತೆ ಬರುತ್ತದೆ.

ಆದ್ದರಿಂದ ಪಾರ್ಕನ್ನು ಎರಡು ಪಾಲು ಮಾಡಿ. ಮೈದಾನ ಮಕ್ಕಳಿಗೆ, ಆಚೆಯ ಬಯಲು ಅವಕ್ಕೆ. ನಡುವೆ ಬೇಲಿ. ಜಾಲರಿ ಬೇಲಿ ಸಾಲದು, ಆಚೆ ಕಾಣುವಂತಿದ್ದರೆ ದಾಟಲು ನೋಡುತ್ತವೆ. ಕಣ್ಣಿಗೆ ಮರೆಯಾಗುವ ಗಟ್ಟಿ ಹಲಗೆಯ ಬೇಲಿ ಬೇಕು, ಬುಡದಲ್ಲಿ ತಂತಿ ಜಾಲರಿ ಎರಡು ಅಡಿಯಾದರೂ ನೆಲದೊಳಗೆ ಹೋಗಬೇಕು. ಬೇಲಿಯ ಆಚೆಗೆ ಊರಿನದೇ ಎತ್ತರದ ಹುಲ್ಲು ಮತ್ತು ಪೊದೆಯ ಅಗಲ ಪಟ್ಟಿ ಬೆಳೆಸಿ. ಮುಂದೆ ಕಾಣದ ಕಡೆ ಹೋಗಲು ಅವು ಹಿಂಜರಿಯುತ್ತವೆ. ನಗರದವರು ಈಗ ಅಂಚಿನಲ್ಲಿ ಹುಲ್ಲು ಕತ್ತರಿಸುತ್ತಿದ್ದರೆ ನಿಲ್ಲಿಸಲು ಹೇಳಿ. ಕತ್ತರಿಸಿದ ಹುಲ್ಲು ಅವಕ್ಕೆ ಹಾಸಿದ ದಾರಿ ಇದ್ದ ಹಾಗೆ. ಬೆಲೆಬಾಳುವ ಮರಗಳ ಬುಡಕ್ಕೆ ಜಾಲರಿ ಸುತ್ತಿಸಿ.

ಆಮೇಲೆ ಮೈದಾನದೊಳಗೆ ಸೇರಿಕೊಂಡಿರುವ ಕೆಲವು ಮನೆಗಳನ್ನು ಮಾತ್ರ ಜೂನ್ ನಂತರ ಅದೇ ಪಾರ್ಕಿನ ಆಚೆ ಬದಿಗೆ ಸರಿಸಬಹುದೇ ನೋಡಿ. ಬಿಲದ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಕೂರಿಸಿದರೆ ಹೊರಗೆ ಬಂದದ್ದು ಒಳಗೆ ಹೋಗಲಾಗದೆ ಹತ್ತಿರದ ಬಿಲಗಳಿಗೆ ಸರಿಯುತ್ತದೆ. ಖಾಲಿಯಾಗಿದ್ದು ಖಚಿತವಾದ ಮೇಲೆ ಬಿಲ ಮುಚ್ಚಬೇಕು, ಅದಕ್ಕೆ ಮೊದಲು ಬೇಡ. ಇದಕ್ಕೂ ನಗರದ ಮತ್ತು ಇಲಾಖೆಯ ಒಪ್ಪಿಗೆ ಬೇಕು.

ಬೇಲಿ ಹಾಕಿ ಬದುಕುವುದು ಹೊಸ ಮಾತೇನಲ್ಲ. ಟೆಕ್ಸಾಸ್‌ನ ಲಬ್ಬಕ್ ಊರಿನ ಮೆಕೆಂಜಿ ಪಾರ್ಕಿನಲ್ಲಿ 1930ರ ದಶಕದಲ್ಲಿ ಕೆ. ಎನ್. ಕ್ಲ್ಯಾಪ್ ಎಂಬುವರು ಎರಡು ಜೋಡಿ ಪ್ರೇರಿ ಡಾಗ್ ತಂದು ಬಿಟ್ಟರು. ಸರ್ಕಾರದ ವಿಷಪ್ರಯೋಗದಿಂದ ಇವು ಪೂರ್ತಿ ಅಳಿದುಹೋಗುತ್ತವೆ ಎಂಬ ಭಯ ಅವರಿಗಿತ್ತು. ಸುತ್ತ ಒಂದು ಮೋಟು ಗೋಡೆ ಕಟ್ಟಿಸಿದರು. ಇವತ್ತಿಗೂ ಆ ಊರಿನ ಮಕ್ಕಳು ಗೋಡೆಗೆ ಒರಗಿ ನಿಂತು ಅವನ್ನು ನೋಡುತ್ತಾರೆ. ಅವರ ಭಯ ಸುಳ್ಳಾಗಿರಲಿಲ್ಲ. ಒಂದು ಕಾಲದಲ್ಲಿ ಈ ಪ್ರಾಣಿ ಇದ್ದ ಬಯಲಿನಲ್ಲಿ ನೂರಕ್ಕೆ ಐದು ಪಾಲಿನಷ್ಟೂ ಈಗ ಉಳಿದಿಲ್ಲ.

ಮಗಳ ಕ್ಯಾರೆಟ್. ಅವಳ ಮನಸ್ಸು ಒಳ್ಳೆಯದು, ಆದರೆ ನಿಲ್ಲಿಸಿ. ತಿನ್ನಿಸಿದರೆ ಅವು ಜನರ ಹತ್ತಿರ, ಅಂದರೆ ಮೈದಾನದ ಕಡೆ, ಇನ್ನೂ ಜಾಸ್ತಿ ಬರುತ್ತವೆ. ಕೈ ಹತ್ತಿರ ಬಂದದ್ದು ಕಚ್ಚಬಹುದು, ಚಿಗಟ ಹತ್ತಬಹುದು. ನಾಯಿಗೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಅವಳಿಗೆ ಬೇರೆ ಕೆಲಸ ಕೊಡಿ. ಒಂದು ದುರ್ಬೀನು, ಒಂದು ನೋಟ್‌ಬುಕ್. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ದೂರದ ಬೆಂಚಿನಲ್ಲಿ ಕೂತು, ಮೇಲೆ ಬಂದ ತಲೆಗಳನ್ನು ಎಣಿಸಲಿ. ಬಿಲಗಳನ್ನಲ್ಲ, ಪ್ರಾಣಿಗಳನ್ನು. ಒಂದು ಎಕರೆಯಲ್ಲಿ 30ರಿಂದ 50 ಬಿಲದ ಬಾಯಿಗಳಿರುವುದು ಮಾಮೂಲು, ಒಂದೊಂದು ಮನೆಗೂ ಹಲವು ಬಾಗಿಲು. ಬಿಲ ಎಣಿಸಿ ನೂರಾರು ಇವೆ ಎಂದು ಹೆದರಿಸುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಮೂರು ನಾಲ್ಕು ಬೆಳಗ್ಗೆ ಎಣಿಸಿ, ಅತಿ ಹೆಚ್ಚು ಬಂದ ಸಂಖ್ಯೆಯನ್ನು ಇಟ್ಟುಕೊಳ್ಳಿ. ಬಾಯಿಗೆ ಬಾಯಿ ತಾಗಿಸುವವು ಯಾವುವು, ಅಟ್ಟಾಡುವವು ಯಾವುವು ಅಂತ ಅವಳು ಬರೆದಿಟ್ಟರೆ ಮನೆಗಳ ನಕ್ಷೆ ಅರ್ಧ ಆದ ಹಾಗೆ. ಮುಂದೆ ಕೆಲಸಕ್ಕೆ ಬರುವವರು ಮೊದಲು ಕೇಳುವುದೇ ಅದನ್ನು.

ಮೇ ತಿಂಗಳ ಮೊದಲೆರಡು ವಾರ ತಪ್ಪಿಸಬೇಡಿ. ಮರಿಗಳು ಮೇಲೆ ಬರುವ ಹೊತ್ತು. ಒಂದು ದೊಡ್ಡದು ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ಮುಂಗಾಲು ಎರಡೂ ಆಕಾಶಕ್ಕೆ ಎತ್ತಿ, ಹಿಂದಕ್ಕೆ ಬಾಗಿ ಒಂದು ಕೂಗು ಹಾಕುತ್ತದೆ. ಪಕ್ಕದ್ದೂ ಹಾಗೇ ಮಾಡುತ್ತದೆ, ಅದರ ಪಕ್ಕದ್ದೂ. ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆ ಕೂಗು ಅಲೆಯ ಹಾಗೆ ಹೋಗುತ್ತದೆ. ಸಭೆಯಲ್ಲಿ ವಿಷ ಬೇಕು ಅಂದವರನ್ನೂ ಒಂದು ಬೆಳಗ್ಗೆ ಜೊತೆಗೆ ಕರೆದುಕೊಂಡು ಹೋಗಿ.